ಮಾತಾಡಿಸಿಕೊಂಡು ಬರೋಣ: ಹದಿಹರೆಯದ ಮಕ್ಕಳು, ಸಾವು ಮತ್ತು ಶಾಲೆ

ಯಾರದಾದರೂ ಮನೆಯಲ್ಲಿ ಸಾವಾದರೆ ನಮ್ಮ ಹಿರಿಯರ ಬಾಯಲ್ಲಿ ಬರುವ ಮಾತು ಒಂದೇ: "ನಡೀರಿ, ಮಾತಾಡಿಸಿಕೊಂಡು ಬರೋಣ." ಸಂತಾಪ, ಸಾಂತ್ವನ ಎಂಬ ಪುಸ್ತಕದ ಪದಗಳು ಪತ್ರಿಕೆಗೆ ಸರಿ. ಮನೆಮಾತಿನಲ್ಲಿ ಆ ಕೆಲಸಕ್ಕೆ ಇರುವ ಹೆಸರೇ ಮಾತಾಡಿಸುವುದು. ನವಿಮುಂಬಯಿಯ ಬೇಲಾಪುರದಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲೂ ಇದು ತಪ್ಪದೆ ನಡೆಯುತ್ತದೆ. ಬಂದವರು ಹಾಲ್‌ನಲ್ಲಿ ಚಾಪೆಯ ಮೇಲೆ ಕೂರುತ್ತಾರೆ, ತೀರಿಕೊಂಡವರ ಹೆಂಡತಿಯನ್ನು, ತಾಯಿಯನ್ನು, ಅಣ್ಣತಮ್ಮಂದಿರನ್ನು ಮಾತಾಡಿಸುತ್ತಾರೆ. ಅದೇ ಹೊತ್ತಿಗೆ ಒಂಬತ್ತನೇ ತರಗತಿಯ ಮಗ ಬಾಗಿಲ ಬಳಿ ಚಪ್ಪಲಿಗಳನ್ನು ಸರಿಸಿ ದಾರಿ ಮಾಡುತ್ತಿರುತ್ತಾನೆ. ಏಳನೆಯ ತರಗತಿಯ ಮಗಳು ನೀರಿನ ಲೋಟಗಳ ತಟ್ಟೆ ಹಿಡಿದು ಓಡಾಡುತ್ತಿರುತ್ತಾಳೆ. ಅವರನ್ನು ಯಾರೂ ಮಾತಾಡಿಸುವುದಿಲ್ಲ. ಹೊರಡುವಾಗ ತಲೆ ಸವರಿ, "ಅಮ್ಮನನ್ನ ನೋಡ್ಕೋಪ್ಪ, ಇನ್ನು ನೀನೇ ದೊಡ್ಡವನು" ಎಂದು ಒಂದು ಭಾರ ಹೊರಿಸಿ ಎದ್ದುಬಿಡುತ್ತಾರೆ.

ಹದಿಮೂರು ದಿನ ಕಳೆದು ಅದೇ ಮಕ್ಕಳು ಶಾಲೆಗೆ ಹೋಗುತ್ತಾರೆ. ದಿನಕ್ಕೆ ಆರೇಳು ಗಂಟೆ ಕಳೆಯುವ ಆ ಜಾಗದಲ್ಲೂ ಬಹುತೇಕ ಮೌನವೇ. ಈ ಲೇಖನ ಆ ಮೌನದ ಕುರಿತದ್ದು. ಸಾವು ಕಂಡ ಹದಿಹರೆಯದ ಮಗುವನ್ನು ಶಾಲೆಯಲ್ಲಿ ಮಾತಾಡಿಸುವುದು ಹೇಗೆ, ಯಾರು, ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಗಳ ಕುರಿತದ್ದು.

"ಬಿಡ್ತು ಅನ್ನು"

ಚಿಕ್ಕಂದಿನಲ್ಲಿ ನಾವೆಲ್ಲ ಒಮ್ಮೆಯಾದರೂ "ಅಜ್ಜಿ, ನೀನು ಯಾವಾಗ ಸಾಯ್ತೀಯ?" ಎಂದು ಕೇಳಿದ್ದೇವೆ. ಪಕ್ಕದಲ್ಲಿದ್ದ ದೊಡ್ಡವರು ಗದರಿಸಿ "ಬಿಡ್ತು ಅನ್ನು" ಎಂದಿದ್ದಾರೆ. ಸಾವಿನ ಬಗ್ಗೆ ಮಗು ಕಲಿಯುವ ಮೊದಲ ಪಾಠವೇ ಇದು: ಆಡಬಾರದ ಮಾತು. ಶಾಲೆ ಕಲಿಸುವ ಎರಡನೆಯ ಪಾಠವೂ ಇದಕ್ಕಿಂತ ಉತ್ತಮವಲ್ಲ. ಗಣ್ಯರೊಬ್ಬರು ತೀರಿಕೊಂಡರೆ ಎರಡು ನಿಮಿಷ ಮೌನ, ಆಮೇಲೆ ರಜೆ.

ನಮ್ಮ ಕಥೆಗಳು ಇಷ್ಟು ಅಂಜುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಕನ್ನಡದ ಮಕ್ಕಳು ತಲೆಮಾರುಗಳಿಂದ ಕೇಳಿಕೊಂಡು ಬಂದ ಗೋವಿನ ಹಾಡು, ತಾಯಿ ಹಸು ಪುಣ್ಯಕೋಟಿ ತನ್ನ ಸಾವಿಗೆ ಹೊರಡುವ ಮುನ್ನ ಕರುವಿಗೆ ಅದನ್ನು ಬಾಯಿಬಿಟ್ಟು ಹೇಳುವ ಕಥೆ. ಪುಣ್ಯಕೋಟಿ ಮುಚ್ಚಿಡಲಿಲ್ಲ, ಎಲ್ಲಿಗೋ ಹೋಗಿ ಬರುತ್ತೇನೆ ಎಂದು ಸುಳ್ಳಾಡಲಿಲ್ಲ. ಇನ್ನು ಕಠೋಪನಿಷತ್ತಿನ ನಚಿಕೇತ ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕುಳಿತು, ಸತ್ತ ಮೇಲೆ ಏನಾಗುತ್ತದೆ ಎಂದು ಕೇಳಿದ ಹುಡುಗ. ಯಮ ಸಂಪತ್ತು, ಆಯುಷ್ಯ, ಏನೇನೋ ಆಸೆ ತೋರಿಸಿದರೂ ಪ್ರಶ್ನೆ ಬಿಡಲಿಲ್ಲ. ಈ ಕಥೆಯನ್ನು ಭಕ್ತಿಯಿಂದ ಹೇಳುವ ನಾವೇ, ಊಟಕ್ಕೆ ಕುಳಿತ ನಮ್ಮ ಮನೆಯ ಹುಡುಗ ಅದೇ ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸುತ್ತೇವೆ.

ಯಾವ ವಯಸ್ಸಿಗೆ ಎಷ್ಟು ಅರಿವು

ಹಂಗೇರಿಯ ಮನಶ್ಶಾಸ್ತ್ರಜ್ಞೆ ಮಾರಿಯಾ ನಾಗಿ 1948ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಮೊದಲ ಹೆಜ್ಜೆಗಳಲ್ಲಿ ಒಂದು. ಬುಡಾಪೆಸ್ಟ್ ಸುತ್ತಲಿನ ಮೂರರಿಂದ ಹತ್ತು ವರ್ಷದ ಮಕ್ಕಳೊಂದಿಗೆ ಮಾತಾಡಿ, ಅವರ ಚಿತ್ರ ಮತ್ತು ಬರಹಗಳನ್ನು ನೋಡಿ ಆಕೆ ಕಂಡುಕೊಂಡದ್ದಿಷ್ಟು: ಐದು ವರ್ಷದೊಳಗಿನ ಮಗುವಿಗೆ ಸಾವು ಎಂದರೆ ನಿದ್ದೆ ಅಥವಾ ದೂರದ ಪ್ರಯಾಣ. ಐದರಿಂದ ಒಂಬತ್ತರವರೆಗೆ ಅದು ಬಂದು ಹಿಡಿದೊಯ್ಯುವ ಯಾರೋ ಒಬ್ಬರು. ಒಂಬತ್ತು, ಹತ್ತರ ನಂತರ ಅದು ಎಲ್ಲರಿಗೂ ಬರುವ, ತಿರುಗಿ ಬರಲಾಗದ ಕೊನೆ. ಮುಂದಿನ ಸಂಶೋಧಕರು ಈ ಅರಿವನ್ನು ನಾಲ್ಕು ಎಳೆಗಳಾಗಿ ಬಿಡಿಸಿದರು. ಸತ್ತವರು ಮತ್ತೆ ಬದುಕುವುದಿಲ್ಲ, ದೇಹದ ಎಲ್ಲ ಕೆಲಸ ನಿಂತುಹೋಗುತ್ತದೆ, ಯಾರಿಗೂ ವಿನಾಯಿತಿ ಇಲ್ಲ, ಸಾವಿಗೆ ದೇಹಕ್ಕೆ ಸಂಬಂಧಿಸಿದ ಕಾರಣ ಇರುತ್ತದೆ.

ಅಂದರೆ ಹದಿಮೂರಕ್ಕೆ ಕಾಲಿಡುವ ಹೊತ್ತಿಗೆ ಮಗುವಿಗೆ ಇವೆಲ್ಲ ಗೊತ್ತಿರುತ್ತದೆ. ಅಪ್ಪ ನಕ್ಷತ್ರವಾದ ಎಂದು ಹೇಳಿ ಅವನನ್ನು ಒಪ್ಪಿಸಲಾಗದು. ಅವನಿಗಿರುವ ತೊಡಕೇ ಬೇರೆ. ನಮ್ಮ ಮನೆಗೇ ಯಾಕೆ ಬಂತು? ಆ ದಿನ ಬೆಳಗ್ಗೆ ನಾನು ಅಪ್ಪನ ಮೇಲೆ ರೇಗಿದ್ದೆನಲ್ಲ, ಅದಕ್ಕೇನಾದರೂ ಹೀಗಾಯಿತೇ? ಅಮ್ಮನೂ ಹೋಗಿಬಿಟ್ಟರೆ? ಫೀಸು ಯಾರು ಕಟ್ಟುತ್ತಾರೆ, ಬಾಡಿಗೆ ಮನೆ ಬಿಟ್ಟು ಊರಿಗೆ ಹೋಗಬೇಕೇ? ಈ ಪ್ರಶ್ನೆಗಳನ್ನು ಆತ ಅಮ್ಮನ ಬಳಿ ಕೇಳುವುದಿಲ್ಲ, ಕೇಳಿದರೆ ಅಮ್ಮ ಅಳುತ್ತಾಳೆ ಎಂಬ ಭಯ. ಅಮ್ಮನೂ ಮಗನ ಮುಂದೆ ಅಳುವುದಿಲ್ಲ, ಅತ್ತರೆ ಅವನ ಓದು ಕೆಡುತ್ತದೆ ಎಂಬ ಚಿಂತೆ. ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತ ಬಾಯಿ ಕಟ್ಟಿಕೊಂಡು ಬದುಕುತ್ತಾರೆ. ಅದಕ್ಕೇ ಮನೆಯ ಹೊರಗೆ, ಅಳು ಬಂದರೂ ತಡೆದುಕೊಳ್ಳಬಲ್ಲ ಹಿರಿಯರೊಬ್ಬರು ಬೇಕಾಗುತ್ತಾರೆ. ಅಂಥವರು ಹೆಚ್ಚಾಗಿ ಸಿಗುವುದು ಶಾಲೆಯಲ್ಲೇ.

ಸಾವು ಊರಿನಲ್ಲಿ, ಮಗು ಇಲ್ಲಿ

ಬೇಲಾಪುರದ ಕನ್ನಡಿಗರಲ್ಲಿ ಕರಾವಳಿಯಿಂದ ಬಂದ ಹೋಟೆಲಿನವರಿದ್ದಾರೆ, ಬ್ಯಾಂಕು ಮತ್ತು ಸರಕಾರಿ ಕಚೇರಿಗಳ ನೌಕರರಿದ್ದಾರೆ, ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ನೆಲೆ ನಿಂತವರಿದ್ದಾರೆ. ಇವರೆಲ್ಲರ ಮನೆಯಲ್ಲೂ ಒಂದು ಬಗೆಯ ಸಾವು ಸಾಮಾನ್ಯ: ನಡುರಾತ್ರಿ ಬರುವ ಫೋನು. ಊರಲ್ಲಿ ಅಜ್ಜ ತೀರಿಕೊಂಡರು, ಅಜ್ಜಿಗೆ ಹೆಚ್ಚಾಯಿತು.

ಕರಾವಳಿಯನ್ನೂ ಮುಂಬಯಿಯನ್ನೂ ಬೆಸೆದ ಕೊಂಕಣ ರೈಲ್ವೆಯ ಮುಖ್ಯ ಕಚೇರಿ ಬೇಲಾಪುರದಲ್ಲೇ ಇದೆ. 1998ರ ಜನವರಿ 26ರಂದು ಆ ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಊರಿನ ದಾರಿ ಹತ್ತಿರವಾಯಿತು. ಹಾಗಿದ್ದರೂ ಸಾವಿನ ಸುದ್ದಿಗೆ ಹೊರಟವರು ಮುಖ ನೋಡಲು ಸಿಗುತ್ತದೋ ಇಲ್ಲವೋ ಎಂಬ ಆತಂಕದಲ್ಲೇ ಹೊರಡುತ್ತಾರೆ. ಆ ಗಡಿಬಿಡಿಯಲ್ಲಿ ಒಂದು ತೀರ್ಮಾನ ಕ್ಷಣದಲ್ಲಿ ಆಗಿಬಿಡುತ್ತದೆ: "ಅವನಿಗೆ ಪ್ರಿಲಿಮ್ಸ್ ಇದೆ, ಪಕ್ಕದ ಮನೆಯ ಆಂಟಿ ಊಟ ಕೊಡ್ತಾರೆ, ಇರ್ಲಿ." ಹತ್ತನೆಯ ತರಗತಿಯ ಹುಡುಗ ಖಾಲಿ ಮನೆಯಲ್ಲಿ ಉಳಿಯುತ್ತಾನೆ. ಪ್ರತಿ ಮೇ ತಿಂಗಳಲ್ಲೂ ತನ್ನನ್ನು ಕಾಯುತ್ತಿದ್ದ ಅಜ್ಜಿಯ ಮುಖವನ್ನು ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ನೋಡುತ್ತಾನೆ. ಮರುದಿನ ಪರೀಕ್ಷೆ ಬರೆಯುತ್ತಾನೆ. ಶಾಲೆಗೆ ಈ ಸುದ್ದಿಯೇ ಗೊತ್ತಿರುವುದಿಲ್ಲ, ಯಾಕೆಂದರೆ ಆತ ಒಂದು ದಿನವೂ ಗೈರಾಗಿಲ್ಲ.

ಇದು ತಪ್ಪು ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಪರೀಕ್ಷೆ ಮತ್ತೆ ಬರುತ್ತದೆ. ಹದಿಹರೆಯದ ಮಗುವನ್ನು ಕೇಳಿ, ಬರುತ್ತೇನೆ ಎಂದರೆ ಕರೆದೊಯ್ಯಬೇಕು. ಬರಲಾಗದಿದ್ದರೆ ಏನೇನು ನಡೆಯಿತು ಎಂಬುದನ್ನು ತಿರುಗಿ ಬಂದು ಕೂತು ಹೇಳಬೇಕು. ಬಾಯಿಗೆ ಅಕ್ಕಿ ಹಾಕಿದವರು ಯಾರು, ಯಾವ ಸೀರೆ ಉಡಿಸಿದರು, ಅಜ್ಜಿ ಕೊನೆಗೆ ಯಾರ ಹೆಸರು ಹೇಳಿದರು. ವಿಧಿಗಳಿರುವುದು ಸತ್ತವರಿಗಷ್ಟೇ ಅಲ್ಲ, ಉಳಿದವರು ಸಾವನ್ನು ಕಣ್ಣಾರೆ ಕಂಡು ನಂಬುವುದಕ್ಕೂ ಅವು ಬೇಕು.

ಮನೆ ಮನೆಯ ರೀತಿ ಬೇರೆ ಎಂಬುದನ್ನು ಶಿಕ್ಷಕರು ತಿಳಿದಿರಬೇಕು. ಕೆಲವರಿಗೆ ಹತ್ತು ಹದಿಮೂರು ದಿನ ಸೂತಕ. ತುಳುವರ ಮನೆಯಲ್ಲಿ ಬೊಜ್ಜ ಎಂಬ ಉತ್ತರಕ್ರಿಯೆಯವರೆಗೆ ಕೆಲಸ ಮುಗಿಯುವುದಿಲ್ಲ. ಲಿಂಗಾಯತ ಪರಂಪರೆ ಸೂತಕವನ್ನೇ ಒಪ್ಪುವುದಿಲ್ಲ, ಅಲ್ಲಿ ಲಿಂಗೈಕ್ಯ ಎಂಬ ಮಾತು. ಹುಡುಗ ಮೂರನೇ ದಿನವೇ ಶಾಲೆಗೆ ಬಂದರೆ ದುಃಖವಿಲ್ಲ ಎಂದಲ್ಲ, ಹದಿನೈದು ದಿನ ಬರದಿದ್ದರೆ ಶಿಸ್ತಿಲ್ಲ ಎಂದೂ ಅಲ್ಲ.

ನಗರದ ಸಾವುಗಳು ಇನ್ನೊಂದು ಬಗೆ. ಮುಂಬಯಿಯ ಉಪನಗರ ರೈಲು ಮಾರ್ಗಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಳ್ಳುತ್ತಾರೆ. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್‌ಗಳ ಬಾಗಿಲಿಂದ ಬಿದ್ದು ಜನ ಸತ್ತಾಗ, ಆ ದೃಶ್ಯಗಳು ಮಧ್ಯಾಹ್ನದೊಳಗೆ ಮೊಬೈಲುಗಳಲ್ಲಿ ಹರಿದಾಡಿದವು. ಇಂಥ ಸಾವಿನಲ್ಲಿ ತಂದೆಯನ್ನು ಕಳೆದುಕೊಂಡ ಮಗು ಕಾಲೇಜಿಗೆ ಅದೇ ಲೋಕಲ್ ಹತ್ತಬೇಕು. ಮೂರನೆಯದು, ನಿಧಾನದ ಸಾವು. ಬೇಲಾಪುರದ ಮುಂದಿನ ಸ್ಟೇಷನ್ನೇ ಖಾರ್‌ಘರ್, ಅಲ್ಲಿ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಸ್ಥೆ ಇದೆ. ಊರಿನ ಚಿಕ್ಕಪ್ಪನೋ ಅತ್ತೆಯೋ ಚಿಕಿತ್ಸೆಗೆ ಬಂದು ತಿಂಗಳುಗಟ್ಟಲೆ ಬೇಲಾಪುರದ ಮನೆಯಲ್ಲಿ ಉಳಿಯುವುದುಂಟು. ಆ ಮನೆಯ ಮಕ್ಕಳು ಸಾವನ್ನು ಬರುವ ಮುಂಚಿನಿಂದಲೇ ನೋಡುತ್ತಿರುತ್ತಾರೆ. ಅವರೊಂದಿಗೆ ಮಾತು ಶುರುವಾಗಬೇಕಾದದ್ದೂ ಮುಂಚೆಯೇ.

"ಪಪ್ಪಾ ಆಫ್ ಹೋ ಗಯೇ"

ನಾನು ನವಿಮುಂಬಯಿಯ ಶಾಲೆಯೊಂದರಲ್ಲಿ ಹಲವು ವರ್ಷ ಪಾಠ ಹೇಳಿದವಳು. ಒಂದು ಜುಲೈ ತಿಂಗಳು, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡು ವಾರ ಬಿಟ್ಟು ಶಾಲೆಗೆ ಬಂದ. ಸಮವಸ್ತ್ರದ ಜೊತೆಗೆ ತಲೆಗೆ ನೀಲಿ ಟೋಪಿ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಟೋಪಿಗೆ ಅವಕಾಶವಿಲ್ಲ. ಅವನ ಮನೆಯ ವಿಷಯ ತಿಳಿಯದ ಶಿಕ್ಷಕರೊಬ್ಬರು ದೂರದಿಂದಲೇ ತೆಗೆಯಲು ಹೇಳಿದರು. ಹುಡುಗ ತೆಗೆದ. ನುಣ್ಣಗೆ ಬೋಳಿಸಿದ ತಲೆ, ಹಿಂದೆ ಕಿವಿಯ ಬಳಿ ಬ್ಲೇಡು ತಾಗಿ ಒಣಗಿದ ಸಣ್ಣ ಗೆರೆ. ಸಾಲಿನಲ್ಲಿದ್ದ ಇನ್ನೂರು ಮಕ್ಕಳಿಗೆ ಒಂದೇ ಕ್ಷಣದಲ್ಲಿ ಎಲ್ಲ ಗೊತ್ತಾಯಿತು, ಯಾರೂ ಒಂದು ಮಾತೂ ಆಡದೆ. ಪ್ರಾರ್ಥನೆ ಮುಂದುವರಿಯಿತು.

ಬಿಡುವಿನಲ್ಲಿ ಅವನನ್ನು ಮೆಟ್ಟಿಲ ಬಳಿ ಕಂಡು ಇಂಗ್ಲಿಷಿನಲ್ಲಿ ಏನೋ ಕೇಳಿದೆ. "ಪಪ್ಪಾ ಆಫ್ ಹೋ ಗಯೇ, ಟೀಚರ್" ಎಂದ, ಮುಖದಲ್ಲಿ ಏನೂ ಇಲ್ಲ. ಮುಂಬಯಿ ಹಿಂದಿಯಲ್ಲಿ ಸಾವಿಗೆ ಇರುವ ಮಾತು ಅದು, ಲೈಟು ಆಫ್ ಆದಂತೆ. ಅವನ ಮನೆ ಕನ್ನಡದ್ದು ಎಂದು ನನಗೆ ಗೊತ್ತಿತ್ತು. "ಮನೇಲಿ ಅಮ್ಮ ಊಟ ಮಾಡ್ತಿದಾರೇನೋ?" ಎಂದು ಕೇಳಿದೆ. ಅಷ್ಟೇ. "ಇಲ್ಲ ಟೀಚರ್, ರಾತ್ರಿ ಎದ್ದು ಕೂತಿರ್ತಾರೆ" ಎಂದು ಶುರುವಾದ ಮಾತು ಗಂಟೆ ಬಾರಿಸಿದರೂ ನಿಲ್ಲಲಿಲ್ಲ. ಆತ ಅತ್ತ. ಹಿಂದಿಯಲ್ಲಿ ಹೇಳುವಾಗ ಬಾರದ ಅಳು ಕನ್ನಡದಲ್ಲಿ ಬಂತು.

ಈ ಒಂದು ಘಟನೆಯಿಂದ ಸಿದ್ಧಾಂತ ಕಟ್ಟಲಾರೆ. ಆದರೆ ಬೇಲಾಪುರದಂಥ ಊರಿನಲ್ಲಿ ಮಗುವಿನ ಬಾಯಲ್ಲಿ ನಾಲ್ಕು ಭಾಷೆಗಳಿವೆ: ಮನೆಯಲ್ಲಿ ಕನ್ನಡ ಅಥವಾ ತುಳು, ರಸ್ತೆಯಲ್ಲಿ ಹಿಂದಿ, ನೆರೆಹೊರೆಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್. ಆತ ಗೆಳೆಯರಿಗೆ 'ಆಫ್' ಎನ್ನುತ್ತಾನೆ, ರಜೆ ಅರ್ಜಿಯಲ್ಲಿ 'ಎಕ್ಸ್‌ಪೈರ್ಡ್' ಎಂದು ಬರೆಯುತ್ತಾನೆ, ಔಷಧಿಯ ಬಾಟಲಿಯ ಮೇಲಿರುವ ಅದೇ ಪದ. ನೋವಿನ ಭಾಷೆ ಯಾವುದು ಎಂಬುದನ್ನು ಆತನೇ ಆರಿಸಿಕೊಳ್ಳಲಿ. ಶಾಲೆಯಲ್ಲಿ ಅವನ ಮನೆಮಾತು ಬಲ್ಲ ಶಿಕ್ಷಕರೋ, ಕಚೇರಿಯ ಗುಮಾಸ್ತರೋ, ಆಯಾ ಬಾಯಿಯೋ ಇದ್ದರೆ ಅವರನ್ನು ಈ ಕೆಲಸಕ್ಕೆ ಕರೆಯುವುದರಲ್ಲಿ ಸಂಕೋಚ ಬೇಡ. ವಡಾಲದ ಎನ್‌ಕೆಇಎಸ್, ಡೊಂಬಿವಲಿಯ ಮಂಜುನಾಥ ವಿದ್ಯಾಲಯದಂಥ, ಕನ್ನಡಿಗರೇ ಕಟ್ಟಿದ ಶಾಲೆಗಳಿಗೆ ಈ ಅನುಕೂಲ ತಾನಾಗಿಯೇ ಇದೆ. ಉಳಿದ ಕಡೆ ಹುಡುಕಬೇಕು.

ಕನ್ನಡದಲ್ಲೂ ಪದ ಆರಿಸುವಾಗ ಎಚ್ಚರ ಬೇಕು. 'ಹೋಗಿಬಿಟ್ಟರು', 'ದೇವರ ಪಾದ ಸೇರಿದರು' ಎಂಬುವು ಕೇಳಲು ಮೃದು, ಆದರೆ ಹದಿಹರೆಯದವರಿಗೆ ಅವು ವಿಷಯ ತಪ್ಪಿಸುವ ಮಾತಿನಂತೆ ಕೇಳಿಸುತ್ತವೆ. 'ತೀರಿಕೊಂಡರು' ಎಂಬುದು ಗೌರವವೂ ಸ್ಪಷ್ಟತೆಯೂ ಇರುವ ಪದ. ಸಂದರ್ಭ ಬಂದರೆ 'ಸಾವು' ಎಂಬ ಎರಡಕ್ಷರವನ್ನು ಆಡಲು ಹೆದರಬಾರದು. ಹಿರಿಯರು ಆಡಿದರೆ ತಾನೂ ಆಡಬಹುದು ಎಂದು ಮಗುವಿಗೆ ತಿಳಿಯುತ್ತದೆ.

ಹಾಜರಿ ಪುಸ್ತಕದಲ್ಲಿರುವ ಹೆಸರು

ಕರ್ನಾಟಕದಲ್ಲಿ ತಂದೆಯ ಹೆಸರು ಹೆಚ್ಚಾಗಿ ಒಂದು ಇನಿಷಿಯಲ್ ಆಗಿ ಅಡಗಿರುತ್ತದೆ. ಮಹಾರಾಷ್ಟ್ರದಲ್ಲಿ ಹಾಗಲ್ಲ: ಮಗುವಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಮೂರೂ ಪೂರ್ತಿಯಾಗಿ ದಾಖಲಾಗುತ್ತವೆ. 2024ರ ಮೇ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ತಾಯಿಯ ಹೆಸರನ್ನೂ ರಾಜ್ಯ ಸರಕಾರ ಸೇರಿಸಿದೆ. ಇಲ್ಲಿಗೆ ಬಂದ ಕನ್ನಡ ಕುಟುಂಬಗಳ ಮಕ್ಕಳಿಗೂ ಇದೇ ಪದ್ಧತಿ.

ಹಾಗಾಗಿ ಪೂರ್ತಿ ಹೆಸರು ಕೂಗುವ ಕಡೆಯಲ್ಲೆಲ್ಲ, ಫಲಿತಾಂಶದ ದಿನ, ಬಹುಮಾನ ಕೊಡುವಾಗ, ಹಾಲ್ ಟಿಕೆಟ್ ಹಂಚುವಾಗ, ಮಗು ತನ್ನ ತೀರಿಹೋದ ತಂದೆಯ ಹೆಸರನ್ನು ಕೇಳುತ್ತದೆ. ಕೆಲವರಿಗೆ ಅದು ಚುಚ್ಚುತ್ತದೆ, ಕೆಲವರಿಗೆ ಹೆಮ್ಮೆ. ಯಾವುದೆಂದು ಕೇಳದೆ ತಿಳಿಯದು. ಅರ್ಜಿಗಳಲ್ಲಿ 'ತಂದೆಯ ಉದ್ಯೋಗ' ಎಂಬ ಕಾಲಂ, ಶಾಲೆಯ ಕ್ಯಾಲೆಂಡರ್ ಪುಸ್ತಕದಲ್ಲಿ ತಂದೆಯ ಸಹಿ, ಓಪನ್ ಹೌಸ್‌ಗೆ ಇಬ್ಬರೂ ಬರಬೇಕೆಂಬ ಸೂಚನೆ, 'ನನ್ನ ತಂದೆ' ಎಂಬ ಪ್ರಬಂಧ, ಜೂನ್ ತಿಂಗಳ ಅಪ್ಪಂದಿರ ದಿನದ ಕಾರ್ಡು. ಇವು ಯಾವುವೂ ನಿಲ್ಲಬೇಕಾಗಿಲ್ಲ. ಆದರೆ ಹಿಂದಿನ ದಿನ ಆ ಮಗುವನ್ನು ಪಕ್ಕಕ್ಕೆ ಕರೆದು, "ನಾಳೆ ಈ ವಿಷಯದ ಮೇಲೆ ಬರೆಸ್ತೀನಿ. ನೀನು ಅಪ್ಪನ ಬಗ್ಗೆಯೇ ಬರೀಬಹುದು, ಬೇರೆ ಯಾರ ಬಗ್ಗೆಯಾದರೂ ಬರೀಬಹುದು" ಎಂದರೆ ಸಾಕು. ನನ್ನ ಅನುಭವದಲ್ಲಿ ಹೆಚ್ಚಿನ ಮಕ್ಕಳು ಅಪ್ಪನ ಬಗ್ಗೆಯೇ ಬರೆಯುತ್ತಾರೆ, ಪುಟ ತುಂಬಿದರೂ ನಿಲ್ಲಿಸುವುದಿಲ್ಲ.

ಐದು ಹಂತಗಳ ಲೆಕ್ಕ ಹಿಡಿಯಬೇಡಿ

ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಬರೆದ ಪುಸ್ತಕದಿಂದ ಬಂದ ಐದು ಹಂತಗಳು ಶಿಕ್ಷಕರ ತರಬೇತಿಗಳಲ್ಲಿ ಈಗಲೂ ಸುತ್ತುತ್ತಿವೆ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಆಕೆ ಮಾತಾಡಿದ್ದು ಮುಖ್ಯವಾಗಿ ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳ ಬಗ್ಗೆ. ಆಪ್ತರನ್ನು ಕಳೆದುಕೊಂಡವರೆಲ್ಲ ಇದೇ ಮೆಟ್ಟಿಲು ಹತ್ತಿ ಇಳಿಯುತ್ತಾರೆ ಎಂಬುದಕ್ಕೆ ಆಧಾರವಿಲ್ಲ.

ಮಕ್ಕಳ ಮಟ್ಟಿಗೆ ಹೆಚ್ಚು ನಿಜವೆನಿಸುವುದು ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಷೂಟ್ 1999ರಲ್ಲಿ ವಿವರಿಸಿದ ಚಿತ್ರ. ದುಃಖದಲ್ಲಿರುವವರು ಎರಡು ಕಡೆ ಓಡಾಡುತ್ತಿರುತ್ತಾರೆ. ಒಮ್ಮೆ ಕಳೆದುಕೊಂಡದ್ದರ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ. ಹದಿಹರೆಯದಲ್ಲಿ ಈ ಓಡಾಟ ಬಹಳ ಬಿರುಸು. ಮಧ್ಯಾಹ್ನ ಮಂಕಾಗಿ ಕುಳಿತ ಹುಡುಗ ಸಂಜೆ ಮೈದಾನದಲ್ಲಿ ಕ್ರಿಕೆಟ್ ಆಡುತ್ತ ಕೂಗಾಡುತ್ತಾನೆ. ನೋಡಿದ ನೆಂಟರು, "ಅಪ್ಪ ಸತ್ತು ತಿಂಗಳಾಗಿಲ್ಲ, ನೋಡು ಇವನನ್ನ" ಎನ್ನುತ್ತಾರೆ. ಆ ಮಾತು ಅವನ ಕಿವಿಗೆ ಬಿದ್ದರೆ ಆಟವೂ ನಿಲ್ಲುತ್ತದೆ, ಅಳುವೂ ನಿಲ್ಲುತ್ತದೆ. ಆಡುವುದು ಮರೆವಲ್ಲ, ಉಸಿರು ತೆಗೆದುಕೊಳ್ಳುವುದು.

ದುಃಖ ಅಳುವಾಗಿಯೇ ಬರಬೇಕೆಂದಿಲ್ಲ. ಅದು ಸಿಟ್ಟಾಗಿ ಬರುತ್ತದೆ, ನಿದ್ದೆಗೇಡಾಗಿ, ಹೊಟ್ಟೆನೋವಾಗಿ, ಗಣಿತದ ಅಂಕ ಇದ್ದಕ್ಕಿದ್ದಂತೆ ಇಳಿಯುವುದಾಗಿ ಬರುತ್ತದೆ. ಕೆಲವೊಮ್ಮೆ ಅತಿಯಾದ ಜಾಣತನವಾಗಿಯೂ ಬರುತ್ತದೆ. ತಾಯಿ ತೀರಿಕೊಂಡ ಹುಡುಗಿ ತಮ್ಮನ ಡಬ್ಬಿ ಕಟ್ಟಿ, ಅಡುಗೆ ಮುಗಿಸಿ, ಒಂದು ದಿನವೂ ತಡಮಾಡದೆ ಶಾಲೆಗೆ ಬಂದರೆ ಎಲ್ಲರೂ ಹೊಗಳುತ್ತಾರೆ. ನನಗೆ ಹೆಚ್ಚು ಚಿಂತೆಯಾಗುವುದು ಅಂಥ ಹುಡುಗಿಯ ಬಗ್ಗೆಯೇ. ತೊಂದರೆ ಕೊಡದ ಮಗುವನ್ನು ಶಾಲೆ ಗಮನಿಸುವುದೇ ಇಲ್ಲ.

ಕೋವಿಡ್ ಕಾಲದ ಮಕ್ಕಳು ಈಗ

ರಾಷ್ಟ್ರೀಯ ಮಕ್ಕಳ ಹಕ್ಕು ಆಯೋಗ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕದ ಪ್ರಕಾರ, 2020ರ ಏಪ್ರಿಲ್‌ನಿಂದ ಅಲ್ಲಿಯವರೆಗೆ ಕೋವಿಡ್ ಹಾಗೂ ಇತರ ಕಾರಣಗಳಿಂದ ತಂದೆಯನ್ನೋ ತಾಯಿಯನ್ನೋ ಇಬ್ಬರನ್ನೋ ಕಳೆದುಕೊಂಡ ಮಕ್ಕಳ ಸಂಖ್ಯೆ 1.47 ಲಕ್ಷ ಮುಟ್ಟಿತ್ತು. ಅವರಲ್ಲಿ 10,094 ಮಕ್ಕಳಿಗೆ ಇಬ್ಬರೂ ಇರಲಿಲ್ಲ. ಆಗ ಪ್ರಾಥಮಿಕ ಶಾಲೆಯಲ್ಲಿದ್ದವರು ಈಗ ಹೈಸ್ಕೂಲಿನ ಬೆಂಚುಗಳಲ್ಲಿದ್ದಾರೆ.

ಅವರ ದುಃಖ ಮುಗಿದುಹೋದ ಸಂಗತಿ ಎಂದು ತಿಳಿಯಬಾರದು. ಮಗು ಬೆಳೆದಂತೆ ಹಳೆಯ ಸಾವು ಹೊಸ ಅರ್ಥದೊಂದಿಗೆ ಮತ್ತೆ ಎದುರಾಗುತ್ತದೆ. ಎಂಟು ವರ್ಷದವಳಿಗೆ ಅಮ್ಮ ಇಲ್ಲ ಎಂಬುದು ರಾತ್ರಿ ಪಕ್ಕದಲ್ಲಿ ಮಲಗುವವರಿಲ್ಲ ಎಂಬುದಾಗಿತ್ತು. ಹದಿಮೂರಕ್ಕೆ, ಮೊದಲ ಬಾರಿ ಮುಟ್ಟಾದಾಗ, ಅದು ಬೇರೆಯೇ ಕೊರತೆ. ಹತ್ತನೆಯ ತರಗತಿಯ ಫಲಿತಾಂಶದ ದಿನ ಇನ್ನೊಂದು. ಅದರ ಮೇಲೆ, ಕೋವಿಡ್ ಸಾವುಗಳಲ್ಲಿ ಮುಖ ನೋಡಲೂ ಸಿಗಲಿಲ್ಲ. ಮೂಟೆ ಕಟ್ಟಿದ ದೇಹ, ದೂರದಿಂದ ಕೈಮುಗಿತ, ಮಾತಾಡಿಸಲು ಬರಲಾಗದ ನೆಂಟರು. ಆಗ ಆಗದ ಮಾತು ಈಗಲಾದರೂ ಆಗಬೇಕು.

ಶಾಲೆ ಮಾಡಬಹುದಾದದ್ದು

ಮೊದಲ ಕೆಲಸ, ಮಗು ಮರಳುವ ಮುಂಚೆಯೇ ತರಗತಿ ಶಿಕ್ಷಕರು ಮನೆಗೆ ಫೋನು ಮಾಡುವುದು ಅಥವಾ ಹೋಗಿ ಬರುವುದು. ಹೋದಾಗ ಮಗುವನ್ನೇ ಕೇಳಬೇಕು: "ತರಗತಿಯಲ್ಲಿ ಏನು ಹೇಳಲಿ? ಎಷ್ಟು ಹೇಳಲಿ?" ಕೆಲವರು ಎಲ್ಲರಿಗೂ ಹೇಳಿಬಿಡಿ ಎನ್ನುತ್ತಾರೆ, ಪ್ರತಿಯೊಬ್ಬರಿಗೂ ವಿವರಿಸುವ ಕಷ್ಟ ತಪ್ಪುತ್ತದೆ. ಕೆಲವರಿಗೆ ಇಬ್ಬರು ಆಪ್ತ ಗೆಳೆಯರಿಗೆ ಮಾತ್ರ ತಿಳಿದರೆ ಸಾಕು. ಆಟದ ಶಿಕ್ಷಕರಿಂದ ಹಿಡಿದು ಬಸ್ಸಿನ ಅಣ್ಣನವರೆಗೆ ದೊಡ್ಡವರಿಗೆಲ್ಲ ವಿಷಯ ತಿಳಿದಿರಬೇಕು. ನಾನು ಹೇಳಿದ ಟೋಪಿಯ ಪ್ರಸಂಗ ನಡೆದದ್ದು ಕೆಟ್ಟತನದಿಂದಲ್ಲ, ಒಂದು ಚೀಟಿ ಸ್ಟಾಫ್ ರೂಮಿಗೆ ತಲುಪದ್ದರಿಂದ.

ಬಂದ ದಿನ ಆಡಬೇಕಾದ ಮಾತು ಉದ್ದ ಇರಬಾರದು. "ಅಪ್ಪ ತೀರಿಕೊಂಡ್ರು ಅಂತ ಗೊತ್ತಾಯ್ತು ಮಗಾ, ತುಂಬಾ ಬೇಜಾರಾಯ್ತು. ಮಾತಾಡಬೇಕು ಅನ್ಸಿದ್ರೆ ಬಾ, ಸುಮ್ನೆ ಕೂರಬೇಕು ಅನ್ಸಿದ್ರೂ ಬಾ." ಇಷ್ಟೇ. 'ಎಲ್ಲ ಒಳ್ಳೆಯದಕ್ಕೇ', 'ವಿಧಿಲಿಖಿತ', 'ದೇವರಿಗೆ ಒಳ್ಳೆಯವರೇ ಬೇಕು', 'ಧೈರ್ಯವಾಗಿರು' ಎಂಬ ಮಾತುಗಳು ಹೇಳುವವರಿಗೆ ಸಮಾಧಾನ ಕೊಡುತ್ತವೆ, ಕೇಳುವವರಿಗಲ್ಲ. ತರಗತಿಯ ನಡುವೆ ಉಸಿರು ಕಟ್ಟಿದಂತಾದರೆ ಕೈ ಎತ್ತಿ ಕಾರಣ ಹೇಳದೆ ಹೊರಗೆ ಹೋಗಲು ಒಂದು ಅನುಮತಿ ಚೀಟಿ ಕೊಡಬಹುದು. ಎಲ್ಲಿಗೆ ಹೋಗಿ ಕೂರಬೇಕು ಎಂಬುದು ಮೊದಲೇ ಗೊತ್ತಿರಲಿ: ಗ್ರಂಥಾಲಯ, ಸಿಕ್ ರೂಮು, ಯಾವುದಾದರೂ ಸರಿ. ತರಗತಿಯ ಮುಂದೆ ನಿಲ್ಲಿಸಿ ಹೇಗನಿಸುತ್ತಿದೆ ಎಂದು ಕೇಳುವುದು ಮಾತ್ರ ಬೇಡವೇ ಬೇಡ.

ಗೆಳೆಯರಿಗೂ ಹೇಳಿಕೊಡಬೇಕು. ಏನು ಹೇಳುವುದೆಂದು ತೋಚದೆ ಅವರು ದೂರ ಸರಿಯುತ್ತಾರೆ, ಅಥವಾ ವಾಟ್ಸಾಪ್ ಗುಂಪಿನಲ್ಲಿ 'ಆರ್‌ಐಪಿ' ಎಂಬ ಮೂರು ಇಂಗ್ಲಿಷ್ ಅಕ್ಷರ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನೋಟ್ಸ್ ಬರೆದುಕೊಡಿ, ಡಬ್ಬಿ ಹಂಚಿಕೊಳ್ಳಿ, ಮೊದಲಿನಂತೆಯೇ ಆಟಕ್ಕೆ ಕರೆಯಿರಿ, ಅವನ ಅಪ್ಪನ ನೆನಪು ನಿಮಗಿದ್ದರೆ ಹೇಳಿ. ಹದಿಹರೆಯದವರು ಈ ವಿಷಯವನ್ನು ಮನಸ್ಸು ಬಿಚ್ಚಿ ಆಡುವುದು ಹೆಚ್ಚಾಗಿ ಓರಗೆಯವರ ಬಳಿ. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ 1982ರಲ್ಲಿ ಶುರುವಾದ ಡಗಿ ಸೆಂಟರ್ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ಮೆದುಳಿನ ಗಡ್ಡೆಯಿಂದ ತೀರಿಕೊಂಡ ಹದಿಮೂರರ ಹುಡುಗನೊಬ್ಬನ ಹೆಸರು ಅದಕ್ಕಿದೆ. ಆಪ್ತರನ್ನು ಕಳೆದುಕೊಂಡ ಒಂದೇ ವಯಸ್ಸಿನ ಮಕ್ಕಳು ಅಲ್ಲಿ ವೃತ್ತವಾಗಿ ಕೂರುತ್ತಾರೆ. ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ದೊಡ್ಡ ಶಾಲೆಯಲ್ಲಿ ಇಂಥ ನಾಲ್ಕೈದು ಮಕ್ಕಳು ಯಾವ ವರ್ಷವೂ ಇರುತ್ತಾರೆ. ಶುಕ್ರವಾರದ ಕೊನೆಯ ಪೀರಿಯಡ್, ಒಂದು ಕೋಣೆ, ಕೇಳಿಸಿಕೊಳ್ಳಬಲ್ಲ ಒಬ್ಬ ಹಿರಿಯರು. ಬರಬೇಕೆಂಬ ಒತ್ತಾಯವಿಲ್ಲ, ಬಂದರೂ ಮಾತಾಡಲೇಬೇಕೆಂದಿಲ್ಲ.

ಮುಂಬಯಿ ಕನ್ನಡಿಗರಿಂದ ಶಾಲೆಗಳು ಪಡೆಯಬಹುದಾದ ಇನ್ನೊಂದಿದೆ. ನಮ್ಮ ಸಂಘಗಳಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ನುಡಿನಮನ ಇಡುತ್ತಾರೆ. ಬಲ್ಲವರು ಎದ್ದುನಿಂತು ಕಂಡದ್ದನ್ನು ಹೇಳುತ್ತಾರೆ, ಕೆಲವರು ನಗಿಸುತ್ತಾರೆ, ಕೆಲವರ ಕಂಠ ಕಟ್ಟುತ್ತದೆ. ಶಾಲೆಗಳ ಎರಡು ನಿಮಿಷದ ಮೌನದ ಜಾಗಕ್ಕೆ ಈ ಪದ್ಧತಿ ಬಂದರೆ ಎಷ್ಟು ಚೆನ್ನ.

ಸಹಪಾಠಿಯೇ ಇಲ್ಲವಾದಾಗ

ಅಪಘಾತದಲ್ಲೋ ಕಾಯಿಲೆಯಲ್ಲೋ ಸಹಪಾಠಿ ತೀರಿಕೊಂಡರೆ ತರಗತಿಗೆ ಅದೇ ದಿನ, ಅವರ ಶಿಕ್ಷಕರ ಬಾಯಿಂದಲೇ ತಿಳಿಯಬೇಕು. ಖಾಲಿ ಬೆಂಚನ್ನು ರಾತ್ರೋರಾತ್ರಿ ತೆಗೆದುಬಿಡಬಾರದು. ಏನು ಮಾಡೋಣ ಎಂದು ಮಕ್ಕಳನ್ನೇ ಕೇಳಿ.

ಆತ್ಮಹತ್ಯೆಯಾದರೆ ಇನ್ನಷ್ಟು ಜಾಗ್ರತೆ ಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಹೀಗೆ ಜೀವ ಕಳೆದುಕೊಂಡರು, ರಾಜ್ಯಗಳ ಪೈಕಿ ಹೆಚ್ಚು ಜನ ಮಹಾರಾಷ್ಟ್ರದವರು. ಹೇಗೆ ಎಂಬ ವಿವರಕ್ಕೆ ಹೋಗಬಾರದು, ಒಂದೇ ಕಾರಣ ಹೇಳಿ ಯಾರನ್ನೂ ದೂರಬಾರದು, ಸತ್ತವರನ್ನು ವೀರರನ್ನಾಗಿಸಬಾರದು. ಮುಚ್ಚಿಡುವುದೂ ಬೇಡ, ಗುಸುಗುಸು ಅದಕ್ಕಿಂತ ಕೆಟ್ಟದ್ದು. ಆಪ್ತ ಗೆಳೆಯರು, ಹಿಂದಿನ ದಿನ ಜಗಳವಾಡಿದವರು, ಮೊದಲೇ ನೊಂದಿರುವವರು, ಇವರನ್ನು ಒಬ್ಬೊಬ್ಬರಾಗಿ ಮಾತಾಡಿಸಬೇಕು. 'ನಿನಗೂ ಹಾಗೆ ಅನ್ನಿಸಿದೆಯಾ?' ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೊರಬರುತ್ತದೆ.

ಯಾವಾಗ ಹೆಚ್ಚಿನ ನೆರವು, ಎಲ್ಲಿ

ದುಃಖ ಕಾಯಿಲೆಯಲ್ಲ. ಆದರೆ ತಿಂಗಳುಗಳು ಕಳೆದರೂ ದಿನದ ಕೆಲಸವೇ ಸಾಗದಿದ್ದರೆ, ಊಟ ನಿದ್ದೆ ಹದಕ್ಕೆ ಬಾರದಿದ್ದರೆ, ಶಾಲೆಯನ್ನೇ ಬಿಟ್ಟರೆ, ತಾನೂ ಅವರ ಬಳಿಗೇ ಹೋಗುತ್ತೇನೆ ಎನ್ನತೊಡಗಿದರೆ ತಜ್ಞರ ಬಳಿ ಕರೆದೊಯ್ಯಬೇಕು. ಕೊನೆಯದಕ್ಕೆ ಒಂದು ದಿನವೂ ಕಾಯಬಾರದು. ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ 'ದೀರ್ಘಕಾಲದ ದುಃಖ'ವನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಸೇರಿಸಿತು. ಅದಕ್ಕೆ ದೊಡ್ಡವರಲ್ಲಿ ಒಂದು ವರ್ಷ, ಮಕ್ಕಳು ಮತ್ತು ಹದಿಹರೆಯದವರಲ್ಲಿ ಆರು ತಿಂಗಳ ಅಳತೆ ಇದೆ.

ಇದು ಯಾರ ಹೊಣೆ ಎಂಬುದಕ್ಕೆ ಈಗ ಕಾನೂನಿನ ಉತ್ತರವೂ ಇದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟು, ವಿಶಾಖಪಟ್ಟಣದಲ್ಲಿ ತೀರಿಕೊಂಡ ಹದಿನೇಳರ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ ತೀರ್ಪು ಕೊಡುತ್ತ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಒಬ್ಬ ಆಪ್ತ ಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕೆಂದು ಹೇಳಿತು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು. ಶಿಕ್ಷಕರ ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2020ರಿಂದ ನಡೆಯುತ್ತಿರುವ 'ಸಂವಾದ' ಯೋಜನೆ ನೆರವಾಗಬಲ್ಲದು. ನೊಂದ ಮಕ್ಕಳೊಂದಿಗೆ ಸಾವು, ಅಗಲಿಕೆಗಳ ಬಗ್ಗೆ ಮಾತಾಡುವುದು ಹೇಗೆ ಎಂಬುದೂ ಅವರ ಪಾಠಗಳಲ್ಲಿದೆ. ನವಿಮುಂಬಯಿಯಲ್ಲೇ 1998ರಿಂದ ಆಸರಾ ಎಂಬ ಸಹಾಯವಾಣಿ ಕೆಲಸ ಮಾಡುತ್ತಿದೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಐಕಾಲ್ ಎಂಬ ಸಹಾಯವಾಣಿಯೂ ಇದೆ. ಕೇಂದ್ರ ಸರಕಾರದ ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಉಚಿತ, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಅದರಲ್ಲಿದೆ. ಮಕ್ಕಳಿಗೆ ತೊಂದರೆಯಾದರೆ ಕರೆಯುವ 1098, 1996ರಲ್ಲಿ ಹುಟ್ಟಿದ್ದೇ ಮುಂಬಯಿಯಲ್ಲಿ.

ಓದುಗರಲ್ಲಿ ಒಂದು ಕೋರಿಕೆ

ಜೂನ್ ಮಧ್ಯದಲ್ಲಿ ಶಾಲೆ ತೆರೆದಾಗ ಸಮಾಲೋಚಕರು ಯಾರು, ಯಾವ ಕೋಣೆಯಲ್ಲಿ ಕೂರುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಸಾವಾಗಿದ್ದರೆ, ಅದು ಊರಿನ ಅಜ್ಜಿಯದೇ ಆಗಿರಲಿ, ತರಗತಿ ಶಿಕ್ಷಕರಿಗೆ ಒಂದು ಸಾಲು ಬರೆದು ಕಳಿಸಿ. ಇನ್ನು, ಮುಂದಿನ ಸಲ ಯಾರದಾದರೂ ಮನೆಗೆ ಮಾತಾಡಿಸಲು ಹೋದಾಗ, ನೀರಿನ ತಟ್ಟೆ ಹಿಡಿದು ಬಂದ ಹುಡುಗಿಯ ಕೈಯಿಂದ ಅದನ್ನು ತೆಗೆದು ಕೆಳಗಿಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವಳ ಅಪ್ಪನ ಬಗ್ಗೆ ನಿಮಗೆ ನೆನಪಿರುವ ಒಂದು ಸಂಗತಿ ಹೇಳಿ.